ನಿಮ್ಮ ಭಾಗದ ಎರಡು ನದಿಗಳು

ಯಾರಾದರೂ ನನ್ನೆದುರು “ಅವಳೇನು ಮಹಾ, ನೋಟ್ಸ್ ಉರು ಹೊಡೆದು ಪಾಸಾದವಳು” ಎಂದು ಮೂಗು ಮುರಿದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಹೌದು, ನೋಟ್ಸ್ ಓದಿಯೇ ಪಾಸಾದೆ. ಅದರಲ್ಲಿ ಮುಚ್ಚಿಡುವಂಥದ್ದು ಏನಿದೆ? ಈಗಲೂ ಘಣಸೋಲಿಯ ಒಂದು ಆಫೀಸಿನ ಏಳನೇ ಮಹಡಿಯಲ್ಲಿ ಕೂತು, ಮಕ್ಕಳ ಮೊಬೈಲಿಗೆ ಹೋಗುವ ನೋಟ್ಸ್ ಬರೆದೇ ಹೊಟ್ಟೆ ಹೊರೆಯುತ್ತಿದ್ದೇನೆ. ಆದರೆ ನಾನು ಓದಿದ ನೋಟ್ಸ್ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಅದನ್ನು ಬರೆದವಳು ಏಳನೇ ತರಗತಿಗೆ ಶಾಲೆ ಬಿಟ್ಟ ನನ್ನ ಅಮ್ಮ, ಗಿರಿಜ. ಬರೆದದ್ದು ಡೊಂಬಿವಲಿ ಪೂರ್ವದ ಒಂದು ಚಾಳಿನಲ್ಲಿ, ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಚಪಾತಿ ಮಣೆಯನ್ನು ಮಡಿಲಲ್ಲಿಟ್ಟುಕೊಂಡು. ಅದನ್ನು ಬರೆದ ಕೈ ಯಾವುದು ಎಂದು ತಿಳಿಯದವರು ನೋಟ್ಸಿನ ಬಗ್ಗೆ ನನ್ನ ಹತ್ತಿರ ಮಾತಾಡದಿದ್ದರೆ ಒಳ್ಳೆಯದು.

ನಮ್ಮದು ಒಂದು ಖೋಲಿ, ಅದರ ಹಿಂದೆ ಒಬ್ಬರು ಮಾತ್ರ ತಿರುಗಬಹುದಾದ ಅಡುಗೆಮನೆ. ಖೋಲಿಯಲ್ಲಿ ಒಂದು ಕಬ್ಬಿಣದ ಮಂಚ, ಒಂದು ಕಪಾಟು, ಗೋಡೆಗೆ ಮೊಳೆ ಹೊಡೆದು ಕಟ್ಟಿದ ಎರಡು ಹಲಗೆ. ಕಪಾಟಿನಲ್ಲಿ ಬಟ್ಟೆಗೇ ಜಾಗ ಸಾಲದೆ ನೋಟ್ಸಿನ ವಿಷಯಗಳೆಲ್ಲ ಅಡುಗೆಮನೆಗೆ ಹಂಚಿಹೋಗಿದ್ದವು. ಇತಿಹಾಸ ಅಕ್ಕಿ ಡಬ್ಬದ ಮೇಲೆ, ನಾಗರಿಕಶಾಸ್ತ್ರ ಅದರ ಕೆಳಗಿನ ಖಾಲಿ ಎಣ್ಣೆ ಡಬ್ಬದೊಳಗೆ, ವಿಜ್ಞಾನ ಮಸಾಲೆ ಹಲಗೆಯ ಕೊನೆಗೆ. ಹಾಗಾಗಿ ನಮ್ಮ ವಿಜ್ಞಾನಕ್ಕೆ ಇಂಗಿನ ವಾಸನೆ. ಇವತ್ತಿಗೂ ಬೆಳಕಿನ ವಕ್ರೀಭವನ ಎಂದರೆ ನನಗೆ ಸಾಂಬಾರಿನ ಒಗ್ಗರಣೆ ನೆನಪಾಗುತ್ತದೆ. ಭೂಗೋಳಕ್ಕೆ ಮಾತ್ರ ಮಾನ ಮರ್ಯಾದೆಯ ಜಾಗ, ದೇವರ ಹಲಗೆಯ ಕೆಳಗಿನ ಸಂದಿ. ಅದು ಅಮ್ಮನಿಗೆ ಪ್ರೀತಿಯ ವಿಷಯ. ಗಣಿತ ಇರಲೇ ಇಲ್ಲ. ಬೀಜಗಣಿತ ಅವಳ ಕೈಗೆ ಹತ್ತಲಿಲ್ಲ, ಹತ್ತಿದ ಹಾಗೆ ನಟಿಸಲೂ ಇಲ್ಲ.

ಇದು ಶುರುವಾದದ್ದು ನಾನು ಆರನೇ ತರಗತಿಯಲ್ಲಿದ್ದಾಗ, ನನ್ನ ಹಟದಿಂದ. ನಾನು ಓದುತ್ತಿದ್ದದ್ದು ಕನ್ನಡ ಮಾಧ್ಯಮದ ಶಾಲೆ. ಪಠ್ಯವೆಲ್ಲ ಮಹಾರಾಷ್ಟ್ರದ್ದು, ಭಾಷೆ ಕನ್ನಡ. ಪುಸ್ತಕಗಳೇ ಶಾಲೆ ಶುರುವಾಗಿ ಎಷ್ಟೋ ವಾರಗಳ ಮೇಲೆ ಬರುತ್ತಿದ್ದವು. ಮರಾಠಿ ಮಕ್ಕಳಿಗೂ ಇಂಗ್ಲಿಷ್ ಮಕ್ಕಳಿಗೂ ಸ್ಟೇಷನ್ ರಸ್ತೆಯ ಅಂಗಡಿಗಳಲ್ಲಿ ಪ್ರತಿ ವಿಷಯಕ್ಕೂ ಇಷ್ಟು ದಪ್ಪದ ಗೈಡ್ ಸಿಗುತ್ತಿತ್ತು, ಪ್ರಶ್ನೆ ಉತ್ತರ ಎಲ್ಲ ತಯಾರು. ಕನ್ನಡದ ನಾಲ್ಕು ಮಕ್ಕಳಿಗಾಗಿ ಯಾರು ಗೈಡ್ ಅಚ್ಚು ಹಾಕಿಸುತ್ತಾರೆ? ಪಕ್ಕದ ಖೋಲಿಯ ಸುಲಭಾ ಕಾಕುವಿನ ಮಗ ಗೈಡ್ ತೆರೆದು ಒಂದು ಗಂಟೆಯಲ್ಲಿ ಮುಗಿಸುವುದನ್ನು ನಾನು ಮೂರು ದಿನ ಒದ್ದಾಡಿ ಬರೆಯುತ್ತಿದ್ದೆ. ಒಂದು ದಿನ ಪುಸ್ತಕ ಎಸೆದು, ನನಗೂ ಗೈಡ್ ಬೇಕೆಂದು ಅತ್ತೆ. ಅಮ್ಮ ಸಮಾಧಾನ ಮಾಡಲಿಲ್ಲ. ನನ್ನ ರಟ್ಟೆ ಹಿಡಿದು ಕಾಕುವಿನ ಬಾಗಿಲಿಗೆ ಒಯ್ದು ನಿಲ್ಲಿಸಿದಳು. ನಲ್ಲಿಯ ಸಾಲಿನಲ್ಲಿ ನಿಂತು ಕಲಿತ ಮರಾಠಿಯಲ್ಲಿ ಕೇಳಿದಳು: ನಿಮ್ಮ ಮಗ ದಾಟಿ ಬಂದ ತರಗತಿಗಳ ಗೈಡ್ ಇದೆಯಾ, ನೀವು ಓದಿ ಹೇಳಿದರೆ ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ.

ಕಾಕು ಒಳಗೆ ಹೋಗಿ, ಮಂಚದ ಕೆಳಗಿಂದ ಗೈಡಿನ ಕಟ್ಟು ಎಳೆದು ತಂದರು. ಆ ದಿನದಿಂದ ಮಧ್ಯಾಹ್ನ ಎರಡರಿಂದ ನಾಲ್ಕರ ತನಕ, ಅಂದರೆ ಪಾತ್ರೆ ತೊಳೆದು ಮುಗಿದು ನಲ್ಲಿಯಲ್ಲಿ ನೀರು ಬರುವ ತನಕ, ನಮ್ಮ ಹೊಸ್ತಿಲ ಮೇಲೆ ಇಬ್ಬರು ಹೆಂಗಸರ ಶಾಲೆ. ಕಾಕು ಬಟಾಣಿ ಸುಲಿಯುತ್ತಲೋ ಮೆಂತ್ಯ ಸೊಪ್ಪು ಬಿಡಿಸುತ್ತಲೋ ಮರಾಠಿಯಲ್ಲಿ ಒಂದೊಂದೇ ವಾಕ್ಯ ಓದುವರು. ಅಮ್ಮ ಅದನ್ನು ಬಾಯಲ್ಲೇ ಒಮ್ಮೆ ಹೊರಳಿಸಿ ಕನ್ನಡದಲ್ಲಿ ಬರೆಯುವಳು. ಕಾಗದ ಅಪ್ಪ ತರುತ್ತಿದ್ದದ್ದು. ಅಪ್ಪ ಶಹಾಡಿನ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವರು. ಅಲ್ಲಿ ಆಫೀಸಿನವರು ಬಿಸಾಡುವ, ಒಂದು ಬದಿ ಮಾತ್ರ ಅಚ್ಚಾದ ಉದ್ದನೆಯ ಕಾಗದಗಳನ್ನು ಗಂಟು ಕಟ್ಟಿ ತರುವರು. ಒಂದು ಬದಿಗೆ ಯಾವ್ಯಾವುದೋ ಯಂತ್ರದ ಬಿಡಿಭಾಗಗಳ ಪಟ್ಟಿ, ಇನ್ನೊಂದು ಬದಿಗೆ ಅಮ್ಮನ ದುಂಡು ಅಕ್ಷರದಲ್ಲಿ ಮೊಘಲರು.

ಅಮ್ಮ ತನಗೆ ಅರ್ಥವಾಗದ ಒಂದು ಸಾಲನ್ನೂ ಬರೆಯುತ್ತಿರಲಿಲ್ಲ. ಕಾಕು “ಲಿಹಿ ಗಿರಿಜಾ, ಪುಢೆ ಜಾವೂಯಾ” ಎಂದು ಮುಂದೆ ಹೋಗಲು ಅವಸರ ಮಾಡಿದರೂ ಪೆನ್ನು ಎತ್ತಿ ಹಿಡಿದುಕೊಂಡು ಕೂರುವಳು. ರಾಜರ ಬಗ್ಗೆ ಅವಳಿಗೆ ವಿಪರೀತ ತಕರಾರು. ಒಬ್ಬ ರಾಜ ತಮ್ಮನನ್ನು ಕೊಲ್ಲಿಸಿ ಸಿಂಹಾಸನ ಏರಿ ಕಲೆಗೆ ಪ್ರೋತ್ಸಾಹ ಕೊಟ್ಟ ಎಂದು ಗೈಡ್ ಹೇಳಿದರೆ, ಇವಳು ತಮ್ಮನ ಹೆಂಡತಿ ಮಕ್ಕಳು ಏನಾದರು ಎಂದು ಕೇಳುವಳು. ಕಾಕುವಿಗೆ ಗೊತ್ತಿಲ್ಲ. ಗೈಡಿಗೂ ಗೊತ್ತಿಲ್ಲ. ಅಮ್ಮ ಸಿಟ್ಟಿನಿಂದ ಕಲೆಯ ಪ್ರೋತ್ಸಾಹವನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುವಳು. ಶಾಖದ ವಹನಕ್ಕೆ ಗೈಡ್ ಕಬ್ಬಿಣದ ಸರಳನ್ನು ಕಾಯಿಸಿದರೆ ಅಮ್ಮ ದೋಸೆ ಕಾವಲಿಯನ್ನು ಕಾಯಿಸಿದಳು. ಅದರ ಕೆಳಗೆ, ಹಿಡಿಗೆ ಮರ ಯಾಕೆ ಹಾಕುತ್ತಾರೆ ಹೇಳು ಎಂದು ಒಂದು ಪ್ರಶ್ನೆಯನ್ನೂ ಸೇರಿಸಿದಳು. ಆ ಪ್ರಶ್ನೆ ಯಾವ ಗೈಡಿನಲ್ಲೂ ಇರಲಿಲ್ಲ.

ಸುದ್ದಿ ಹಬ್ಬಿತು. ನಾನು ಒಂಬತ್ತಕ್ಕೆ ಬರುವಷ್ಟರಲ್ಲಿ ನಮ್ಮ ತರಗತಿಯ ಹತ್ತು ಮಕ್ಕಳು ಮಧ್ಯಾಹ್ನ ನಮ್ಮ ಖೋಲಿಯಲ್ಲಿ ಕಾಲು ಮಡಚಿ ಕೂತು ನೋಟ್ಸ್ ನಕಲು ಮಾಡುತ್ತಿದ್ದರು. ಜೆರಾಕ್ಸ್ ಮಾಡಿಸಲು ಯಾರಿಗೂ ಕೊಡುತ್ತಿರಲಿಲ್ಲ. ಕೈಯಲ್ಲೇ ಬರೆದುಕೊಳ್ಳಬೇಕು, ಎದ್ದು ಹೋಗುವ ಮೊದಲು ಒಂದು ಪುಟವನ್ನು ಒಲೆಯ ಮುಂದಿದ್ದ ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಬೇಕು. ತಡವರಿಸಿದವರಿಗೆ ಮರುದಿನ ಮತ್ತೆ ಅದೇ ಪುಟ. ಅಪ್ಪನಿಗೆ ಈ ಸಂತೆ ಸೇರುತ್ತಿರಲಿಲ್ಲ. ಬೆಳಗಿನ ಪಾಳಿ ಮುಗಿಸಿ ಬಂದು ಮಂಚದ ಮೇಲೆ ಕಾಲು ಚಾಚೋಣ ಎಂದರೆ ಅಲ್ಲಿ ಮೂವರು ಕೂತು ಸೌರವ್ಯೂಹ ಬಿಡಿಸುತ್ತಿದ್ದರು. ಮಕ್ಕಳು ಹೋದ ಮೇಲೆ ಜಗಳ.

“ಇವ್ಳನ್ನ ಇಂಗ್ಲಿಷ್ ಮೀಡಿಯಂಗೆ ಹಾಕುವ ಅಂದೆ. ಕೇಂಡ್ಯಾ? ಹಾಕಿದ್ರೆ ಅಂಗಡಿಗ್ ಹೋಯಿ ಗೈಡ್ ತಂದ್ ಮುಗೀತಿತ್ತ್.”

“ಇವ್ಳಿಗೆ ಮುಗೀತಿತ್ತ್. ಆ ಹತ್ತ್ ಮಕ್ಳಿಗೆ?”

“ಅವ್ಕೆ ಅಪ್ಪ ಅಮ್ಮ ಇಲ್ಯಾ?”

“ಇತ್ತ್. ನಿಮ್ಮಂಗೇ ಇತ್ತ್.”

ಅಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಗ್ಯಾಲರಿಗೆ ಹೋಗಿ ನಿಲ್ಲುವರು. ಆದರೆ ಮರುದಿನ ಕಾಗದದ ಗಂಟು ತರುವುದನ್ನು ಒಮ್ಮೆಯೂ ತಪ್ಪಿಸಲಿಲ್ಲ.

ಆ ವರ್ಷ ಭೂಗೋಳದಲ್ಲಿ ರಾಜ್ಯದ ನದಿಗಳ ಪಾಠ. ಕೊಂಕಣದ ನದಿಗಳು ಯಾಕೆ ಮುಖಜಭೂಮಿ ಕಟ್ಟುವುದಿಲ್ಲ, ಕಾರಣ ಕೊಡಿ. ಘಟ್ಟದಿಂದ ಒಮ್ಮೆಲೇ ಇಳಿಯುತ್ತವೆ, ಹರಿಯುವ ದಾರಿ ಚಿಕ್ಕದು, ವೇಗ ಹೆಚ್ಚು, ಮಣ್ಣು ನಿಲ್ಲುವ ಮೊದಲೇ ಸಮುದ್ರ. ಅಮ್ಮನಿಗೆ ಈ ಪಾಠ ಹೇಳಿಕೊಡಬೇಕಾಗಿಯೇ ಇರಲಿಲ್ಲ. ಅವಳು ಹುಟ್ಟಿ ಬೆಳೆದದ್ದು ಗಂಗೊಳ್ಳಿಯ ಹತ್ತಿರ, ಐದು ಹೊಳೆಗಳು ಕೂಡಿ ಸಮುದ್ರ ಸೇರುವ ಕಡೆ. ಕಾಕು ಓದುವ ಮೊದಲೇ ಇವಳ ಪೆನ್ನು ಓಡುತ್ತಿತ್ತು. ಪಾಠದ ಕೊನೆಗೆ ಗೈಡಿನಲ್ಲಿ ಒಂದು ಸೂಚನೆ. ಕಾಕು ಅದನ್ನು ಓದಿದರು: “ತುಮಚ್ಯಾ ಭಾಗಾತೀಲ ದೋನ್ ನದ್ಯಾಂಚೀ ನಾವೇ ಲಿಹಾ.” ನಿಮ್ಮ ಭಾಗದ ಎರಡು ನದಿಗಳ ಹೆಸರು ಬರೆಯಿರಿ. ಅಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. ಸೌಪರ್ಣಿಕಾ, ವಾರಾಹಿ ಎಂದು ಬರೆದು, ಕೆಳಗೆ ಗೆರೆ ಎಳೆದು, ನೀರು ಬಂತೆಂದು ಕೊಡ ಎತ್ತಿಕೊಂಡು ಹೋದಳು. ಕಾಕುವಿಗೆ ಕನ್ನಡ ಓದಲು ಬರದು, ಅಮ್ಮನಿಗೆ ಗೈಡ್ ಓದಲು ಬರದು. ನಡುವೆ ತಪ್ಪು ನುಸುಳಿದರೆ ಹಿಡಿಯುವವರು ಯಾರೂ ಇರಲಿಲ್ಲ. ನಾನು ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಅಮ್ಮನ ನೋಟ್ಸಿನಲ್ಲಿ ತಪ್ಪಿರಬಹುದು ಎಂದು ನನಗೆ ಹೊಳೆಯಲೇ ಇಲ್ಲ.

ಅರ್ಧವಾರ್ಷಿಕ ಪರೀಕ್ಷೆಗೆ ನಮ್ಮ ಕಡೆ ಎಲ್ಲರೂ ಸಹಾಮಾಹಿ ಎನ್ನುತ್ತಾರೆ. ಸಹಾಮಾಹಿಯ ಭೂಗೋಳದಲ್ಲಿ ಅದೇ ಪ್ರಶ್ನೆ ಬಂತು, ಕೊನೆಗೆ ಅದೇ ಬಾಲ ಹಚ್ಚಿಕೊಂಡು: ನಿಮ್ಮ ಭಾಗದ ಎರಡು ನದಿಗಳನ್ನು ಹೆಸರಿಸಿ. ಒಂದು ಶನಿವಾರ ಉತ್ತರಪತ್ರಿಕೆ ಕೊಡಲು ಬಂದ ಭೂಗೋಳದ ಪಾಟೀಲ ಸರ್ ಮೇಜಿನ ಮೇಲೆ ಹನ್ನೊಂದು ಪತ್ರಿಕೆ ಬೇರೆಯಾಗಿ ಇಟ್ಟರು. ಅವರು ವಿಜಾಪುರ ಕಡೆಯವರು, ಎತ್ತರದ ಆಳು, ಮಾತು ಯಾವಾಗಲೂ ಗಟ್ಟಿ. ಮೊದಲು ಬಸವರಾಜನನ್ನು ನಿಲ್ಲಿಸಿದರು.

“ನಿಮ್ಮೂರು ಯಾವುದಲೇ?”

“ಮುದ್ದೇಬಿಹಾಳ್ರೀ ಸರ್.”

“ಹುಟ್ಟಿದ್ದು?”

“ಇಲ್ಲೇ ಡೊಂಬಿವಲಿರೀ.”

“ಮತ್ತ ಸೌಪರ್ಣಿಕಾ ನಿನಗೆಲ್ಲಿ ಗಂಟು ಬಿದ್ದಳು? ಕಣ್ಣಿಲೆ ನೋಡಿಯೇನು?”

ತರಗತಿ ನಕ್ಕಿತು. ಬಸವರಾಜನೂ ನಕ್ಕ. ಸರ್ ನಗಲಿಲ್ಲ. ಹನ್ನೊಂದು ಜನ, ಹನ್ನೊಂದೂ ಪತ್ರಿಕೆಯಲ್ಲಿ ಅದೇ ಎರಡು ಹೆಸರು, ಅದೇ ಕ್ರಮದಲ್ಲಿ, ಕೆಳಗೆ ಅದೇ ಗೆರೆ. ಕಾಪಿ ಹೊಡೆದಿದ್ದೀರಿ ಎಂದರು. ಹೊಡೆದಿಲ್ಲ ಸರ್, ವಿಜಿಯ ಮನೆಯ ನೋಟ್ಸಿನಲ್ಲಿದೆ ಎಂದು ಯಾರೋ ಒದರಿದರು. ಎಲ್ಲ ತಲೆಗಳೂ ನನ್ನ ಕಡೆ ತಿರುಗಿದವು. ಸರ್ ಅಲ್ಲೇ ತೀರ್ಪು ಕೊಟ್ಟರು. ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಆ ನೋಟ್ಸ್ ಅಷ್ಟನ್ನೂ ಶಾಲೆಗೆ ತಂದು ಒಪ್ಪಿಸಬೇಕು. ಅವರು ಬರೆದುಕೊಡುವ ಚೀಟಿಯನ್ನು ನಾನು ಎಲ್ಲರೆದುರು ಓದಬೇಕು: ನಮ್ಮ ಮನೆಯ ನೋಟ್ಸ್ ತಪ್ಪುಗಳಿಂದ ಕೂಡಿವೆ, ಇನ್ನು ಯಾರೂ ಅವನ್ನು ಓದಬಾರದು. ಓದಿದರೆ ಹನ್ನೊಂದು ಜನರ ಅಂಕ ವಾಪಸ್. ಇಲ್ಲದಿದ್ದರೆ ಹನ್ನೊಂದು ಜನರಿಗೂ ಭೂಗೋಳದಲ್ಲಿ ಸೊನ್ನೆ.

ಮನೆಗೆ ಬಂದು ಹೇಳಿದಾಗ ಅಮ್ಮ ಮೊದಲು ಕೇಳಿದ್ದು ಒಂದೇ: “ತಪ್ಪಾ ಅದ್?” ನಾನು ತಲೆಯಾಡಿಸಿದೆ. ಪ್ರಶ್ನೆ ಈ ರಾಜ್ಯದ್ದು, ನಾವಿರುವ ಭಾಗದ್ದು ಎಂದೆ. ಅವಳು ದೇವರ ಹಲಗೆಯ ಕೆಳಗಿಂದ ಭೂಗೋಳ ತೆಗೆದು, ಆ ಪುಟದ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದಳು. ಅಪ್ಪನಿಗೆ ಇದೇ ಸಂದರ್ಭ ಸಿಕ್ಕಿದ ಹಾಗಾಯಿತು. ಕೊಟ್ಟುಬಿಡು, ನಮಗೆ ಯಾಕೆ ಊರ ಉಸಾಬರಿ ಎಂದರು.  ನಿಜ ಹೇಳುತ್ತೇನೆ, ಕೊಡಲಿ ಎಂದೇ ನನಗೂ ಅನ್ನಿಸಿತ್ತು. ಗೆಳತಿಯರು ದಾರಿಯಲ್ಲಿ ನನ್ನೊಡನೆ ಮಾತು ಬಿಟ್ಟಿದ್ದರು. ಒಂದು ಸಲ ಓದಿಬಿಟ್ಟರೆ ಮುಗಿಯಿತಲ್ಲ.

 ಅಮ್ಮ ಅಪ್ಪನನ್ನು ಕೇಳಿದಳು:

“ನಿಮ್ ಕಾರ್ಖಾನಿ ಹತ್ರ ಹೊಳಿ ಇತ್ತಾ?”

“ಇತ್ತ್. ಉಲ್ಲಾಸ ನದಿ. ಬ್ರಿಜ್ ಇತ್ತಲೆ.”

“ನಾಳೆ ಆಯ್ತವಾರ. ಕರ್ಕಂಡ್ ಹೋಯಿನಿ.”

ಭಾನುವಾರ ಟಿಟವಾಳಾ ಲೋಕಲ್ ಹಿಡಿದು ಮೂವರೂ ಶಹಾಡಿನಲ್ಲಿ ಇಳಿದೆವು. ಅಮ್ಮ ಡೊಂಬಿವಲಿಗೆ ಬಂದು ಹದಿನೈದು ವರ್ಷವಾಗಿತ್ತು. ಗಂಡ ದಿನಾ ಇಳಿಯುವ ಸ್ಟೇಷನ್ನನ್ನು ಅವಳು ನೋಡಿದ್ದು ಅದೇ ಮೊದಲು. ಸೇತುವೆಯ ಮೇಲೆ ಲಾರಿಗಳ ಧೂಳು, ಕೆಳಗೆ ಕಂದು ಬಣ್ಣದ ನೀರು, ಅಂಚಿಗೆ ಪ್ಲಾಸ್ಟಿಕ್ ಚೀಲ, ಬೂದು ಬಣ್ಣದ ನೊರೆ. ಒಂದು ಬದಿ ಬಂಡೆಯ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಅಮ್ಮ ಸೆರಗು ಸಿಕ್ಕಿಸಿಕೊಂಡು ಇಳಿದೇಬಿಟ್ಟಳು. ಅಪ್ಪ ಬೇಡ ಎಂದರೂ ಕೇಳಲಿಲ್ಲ. ಅಲ್ಲಿದ್ದ ಒಬ್ಬ ಹೆಂಗಸನ್ನು ಈ ನೀರು ಎಲ್ಲಿಂದ ಬರುತ್ತದೆ ಎಂದು ಮರಾಠಿಯಲ್ಲಿ ಕೇಳಿದಳು.

“ಘಾಟಾತೂನ್” ಎಂದಳು ಆ ಹೆಂಗಸು, ಬಟ್ಟೆ ಬಡಿಯುವುದನ್ನು ನಿಲ್ಲಿಸದೆ. ಘಟ್ಟದಿಂದ.

“ಆಣಿ ಜಾತೇ ಕುಠೆ?”

“ಖಾಡೀಲಾ. ಮಗ ಸಮುದ್ರಾಲಾ.” ಎಲ್ಲಿಗೆ ಹೋಗುತ್ತದೆ ಎಂದರೆ ಖಾಡಿಗೆ, ಅಂದರೆ ಅಳಿವೆಗೆ, ಆಮೇಲೆ ಸಮುದ್ರಕ್ಕೆ.

ಅಮ್ಮ ನನ್ನ ಕಡೆ ನೋಡಿದಳು. ಅವಳು ನೋಟ್ಸಿನಲ್ಲಿ ಬರೆದಿದ್ದ ಉತ್ತರವೇ ಅದು. ಬಗ್ಗಿ ನೀರಿಗೆ ಕೈಯದ್ದಿ, ಮೂಸಿ, ಮುಖ ಸಿಂಡರಿಸಿದಳು. ಮೇಲೆ ಬಂದ ಮೇಲೆ ಅಪ್ಪನನ್ನು ಕೇಳಿದಳು, ನಮ್ಮ ನಲ್ಲಿಗೆ ಬರುವ ನೀರು ಯಾವುದು? ಇದೇ, ಶುದ್ಧ ಮಾಡಿ ಬಿಡುತ್ತಾರೆ ಎಂದರು ಅಪ್ಪ. ಅವಳು ಸೇತುವೆಯ ಕಟ್ಟೆ ಹಿಡಿದುಕೊಂಡು ನಿಂತಳು. ಅವಳ ಮುಖ ಅಷ್ಟು ಸಪ್ಪಗಾದದ್ದನ್ನು ನಾನು ಮತ್ತೆ ನೋಡಿಲ್ಲ.

“ಹದಿನೈದ್ ವರ್ಷ ಕುಡ್ದಿದೆ. ಹೆಸ್ರ್ ಕೇಳ್ರೆ ಬಾಯಿಗೆ ಬಂದದ್ ಊರಿನ್ ಹೊಳಿ. ತಪ್ಪೇ ವಿಜಿ ಅದ್. ದೊಡ್ಡ ತಪ್ಪ್.”

ಮನೆಗೆ ಬಂದವಳೇ ಅಪ್ಪನ ಗಡ್ಡದ ಬ್ಲೇಡ್ ತೆಗೆದುಕೊಂಡು ಕೂತಳು. ಕಾಗದ ಹರಿಯದ ಹಾಗೆ, ನಿಧಾನವಾಗಿ, ಸೌಪರ್ಣಿಕಾ ವಾರಾಹಿಗಳನ್ನು ಕೆರೆದು ತೆಗೆದಳು. ಅಲ್ಲಿ ಉಲ್ಲಾಸ ಎಂದು ಬರೆಯುತ್ತಾಳೆ ಎಂದು ನಾನು ಕಾದೆ. ಬರೆಯಲಿಲ್ಲ. ಚುಕ್ಕೆ ಚುಕ್ಕೆಯಾಗಿ ಎರಡು ಗೆರೆ ಎಳೆದು ಪುಸ್ತಕ ಮುಚ್ಚಿದಳು. ಖಾಲಿ ಯಾಕೆ ಬಿಟ್ಟೆ ಎಂದು ಕೇಳಿದೆ.

“ನಾನ್ ಉಲ್ಲಾಸ ಅಂದೆಳಿ ಬರ್ದ್ರೆ ಮತ್ತೆ ಹನ್ನೊಂದೂ ಅದನ್ನೇ ಬರೀತೊ. ಅವ್ ಎಲ್ಲಿ ನೀರ್ ಕುಡೀತೊ, ಅವೇ ಹೋಯಿ ಕಂಡ್ ಬಂದ್ ಬರೀಲಿ. ಇದೊಂದ್ ಉತ್ರ ನಾನ್ ಕೊಡೂದಿಲ್ಲೆ.”

ನನ್ನೊಳಗೆ ಏನೋ ಗಟ್ಟಿಯಾದದ್ದು ಆಗ. ನಾಲ್ಕು ವಿಷಯಗಳ ಅಷ್ಟು ಪುಟಗಳಲ್ಲಿ ಒಂದು ಸಾಲು ತಪ್ಪಿದ್ದಕ್ಕೆ ರೈಲು ಹತ್ತಿ ಹೋಗಿ ನದಿಗೆ ಕೈಯದ್ದಿ ಬಂದ ಹೆಂಗಸು ಇವಳು. ಇವಳು ಬರೆದದ್ದನ್ನು ಓದಬೇಡಿ ಎಂದು ನಾನು ಹೇಳಬೇಕೇ? ಹೇಳುವುದಿಲ್ಲ. ಯಾರಿಗೂ ತಿಳಿಸದೆ, ಅಪ್ಪ ತಂದ ಕಾಗದದ ಒಂದು ತುಂಡಿನಲ್ಲಿ ನನ್ನದೇ ಚೀಟಿ ಬರೆದು ಕಂಪಾಸ್ ಡಬ್ಬಿಯಲ್ಲಿಟ್ಟೆ.

ಸೋಮವಾರ ಅಮ್ಮ ನನ್ನ ಜೊತೆ ಶಾಲೆಗೆ ಬಂದಳು. ಒಂಬತ್ತನೇ ತರಗತಿಯ ನೋಟ್ಸ್ ಅಷ್ಟನ್ನೂ ಹಳೆಯ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ಸೊಂಟದ ಮೇಲೆ ಕೂಸಿನ ಹಾಗೆ ಹೊತ್ತುಕೊಂಡಿದ್ದಳು. ಕೊಡಲು ತಂದಿದ್ದಾಳೋ ತೋರಿಸಲು ತಂದಿದ್ದಾಳೋ ನನಗೆ ಗೊತ್ತಿರಲಿಲ್ಲ. ಪ್ರಾರ್ಥನೆ ಮುಗಿಯಿತು. ಪಾಟೀಲ ಸರ್ ನನ್ನ ಹೆಸರು ಕರೆದು ತಮ್ಮ ಚೀಟಿ ಕೈಗೆ ಕೊಟ್ಟರು. ಅದನ್ನು ಮಡಚಿ ಎಡಗೈಯಲ್ಲಿ ಹಿಡಿದುಕೊಂಡು ನನ್ನದನ್ನು ತೆಗೆದೆ. ಗಟ್ಟಿಯಾಗಿ ಓದಿದೆ.

“ಭೂಗೋಳದ ನೋಟ್ಸಿನಲ್ಲಿ ಒಂದು ಸಾಲು ತಪ್ಪಾಗಿತ್ತು. ನಿಮ್ಮ ಭಾಗದ ನದಿಗಳು ಎಂದಿರುವ ಕಡೆ ನನ್ನ ಅಮ್ಮ ತನ್ನ ಊರಿನ ನದಿಗಳನ್ನು ಬರೆದಿದ್ದರು. ಅದನ್ನು ತೆಗೆದಿದ್ದಾರೆ. ಎಲ್ಲರೂ ತಮ್ಮ ಪ್ರತಿಯಲ್ಲಿಯೂ ತೆಗೆಯಬೇಕು. ಉಳಿದ ಪುಟಗಳು ಸರಿಯಾಗಿವೆ. ಇನ್ನೂ ಬರೆದುಕೊಳ್ಳದವರು ಇಂದು ಮಧ್ಯಾಹ್ನ ಎರಡು ಗಂಟೆಗೆ ನಮ್ಮ ಮನೆಗೆ ಬರಬಹುದು.”

 ಪಾಟೀಲ ಸರ್ ಅವರ ಮುಖ ಕೆಂಪಾಯಿತು. ನನ್ನನ್ನು ಬಿಟ್ಟು ನೇರ ಅಮ್ಮನ ಕಡೆ ನಡೆದು ಕೈ ಚಾಚಿದರು.

“ಆ ಗಂಟು ಇಲ್ಲೆ ಕೊಡ್ರಿ ಬಾಯಾರ.”

“ಕೊಡೂದಿಲ್ಲೆ ಸರ್. ತಪ್ಪ್ ನಂದ್, ಮಕ್ಳದ್ದಲ್ಲ. ಆ ಸಾಲ್ ತೆಗ್ದಾಯ್ತ್, ಕಾಣಿ ಬೇಕಾರೆ.”

“ನೀವು ಎಷ್ಟನೇ ಕ್ಲಾಸ್ ತನಕ ಕಲ್ತೀರಿ?”

“ಏಳ್.”

ಯಾರೋ ಕಿಸಕ್ಕೆಂದರು. ಅಮ್ಮ ಆ ಕಡೆ ತಿರುಗಲೂ ಇಲ್ಲ.

“ಏಳೇ ಕಲ್ತದ್ದ್. ಎಂಟ್ ಒಂಬತ್ತ್ ಇವ್ಳ ಒಟ್ಟಿಗೆ ಕಲೀತಾ ಇದ್ದೆ. ಸರ್, ಒಂದ್ ಮಾತ್ ಹೇಳಿ. ಈ ಮಕ್ಳಿಗೆ ಕನ್ನಡದಗೆ ಬೇರೆ ಗೈಡ್ ಇತ್ತಾ? ಎಲ್ಲಿ ಸಿಕ್ತ್ ಹೇಳಿ. ಈಗ್ಳೇ ಹೋಯಿ ತತ್ತೆ. ಇದನ್ನ ನಾನೇ ಒಲಿಗ್ ಹಾಕ್ತೆ.”

 ಅವರ ಹತ್ತಿರವೂ ಬೇರೆ ಗೈಡ್ ಇರಲಿಲ್ಲ. ಅವರೂ ಮರಾಠಿ ಗೈಡ್ ಇಟ್ಟುಕೊಂಡೇ ಪಾಠ ಮಾಡುತ್ತಿದ್ದದ್ದು ನಮಗೆಲ್ಲ ಗೊತ್ತಿತ್ತು.  ಅಮ್ಮ ನಮಸ್ಕಾರ ಮಾಡಿ, ಗಂಟನ್ನು ಸೊಂಟ ಬದಲಿಸಿ ಹೊತ್ತುಕೊಂಡು ಗೇಟು ದಾಟಿ ಹೋದಳು.

ಅದು ಕಾಪಿಯಲ್ಲ, ನೋಟ್ಸಿನ ತಪ್ಪು ಎಂದು ಎಲ್ಲರೆದುರು ಆದದ್ದರಿಂದ ಹತ್ತು ಜನರ ಅಂಕ ವಾಪಸ್ ಬಂತು. ನನ್ನದು ಬರಲಿಲ್ಲ. ಹೇಳಿದ ಮಾತು ಕೇಳದ್ದಕ್ಕೆ ನನಗೆ ಸೊನ್ನೆ ಹಾಗೇ ಉಳಿಯಿತು. ವರ್ಷದ ಕೊನೆಯ ತನಕ ಭೂಗೋಳದ ಪಿರಿಯಡ್ಡಿನಲ್ಲಿ ನಾನು ವರಾಂಡದಲ್ಲಿ ನಿಲ್ಲಬೇಕಿತ್ತು. ನಿಂತೆ. ಕಿಟಕಿಯಿಂದ ಅವರ ಗಟ್ಟಿ ದನಿ ಚೆನ್ನಾಗಿಯೇ ಕೇಳಿಸುತ್ತಿತ್ತು, ಆದ್ದರಿಂದ ನಷ್ಟವೇನೂ ಆಗಲಿಲ್ಲ. ಪಾಟೀಲ ಸರ್ ಕೆಟ್ಟವರಲ್ಲ ಎಂದು ಈಗ ನನ್ನ ಗೆಳತಿಯರು ಹೇಳುತ್ತಾರೆ. ಇರಬಹುದು. ಒಳ್ಳೆಯವರೆಂದು ಹೇಳಲು ನನಗಿನ್ನೂ ಮನಸ್ಸು ಬಂದಿಲ್ಲ. ನೋಟ್ಸಿನ ಸುದ್ದಿಯನ್ನು ಮಾತ್ರ ಅವರು ಮತ್ತೆ ಎತ್ತಲಿಲ್ಲ.

ಆ ಸೋಮವಾರ ಮಧ್ಯಾಹ್ನ ಎರಡು ಹೊಡೆಯಿತು. ಯಾರೂ ಬರಲಿಲ್ಲ. ಕಾಕು ಗೈಡ್ ಹಿಡಿದುಕೊಂಡು ಬಂದು, ಖಾಲಿ ಖೋಲಿ ನೋಡಿ, ತಮ್ಮ ಜಾಗದಲ್ಲಿ ಕೂತು ಮೆಂತ್ಯ ಬಿಡಿಸತೊಡಗಿದರು. ಅಮ್ಮ ಚಪಾತಿ ಮಣೆಯನ್ನು ಮಡಿಲಿಗೆ ಹಾಕಿಕೊಂಡು ಪೆನ್ನು ತೆರೆದಳು. ನಾನು ಗ್ಯಾಲರಿಯಲ್ಲಿ ನಿಂತು ಮೆಟ್ಟಿಲ ಕಡೆ ನೋಡುತ್ತಿದ್ದೆ. ಎರಡೂವರೆಯ ಹೊತ್ತಿಗೆ ಬಸವರಾಜ ಮೆಟ್ಟಿಲು ಹತ್ತಿ ಬಂದ. ಹಿಂದೆ ಎಂಟನೇ ತರಗತಿಯ ಇಬ್ಬರು ಹುಡುಗಿಯರು, ಅದುವರೆಗೆ ಒಮ್ಮೆಯೂ ಬಾರದವರು. ಅವನು ಚಪ್ಪಲಿ ಬಿಟ್ಟು ಒಳಗೆ ಬಂದು ತನ್ನ ಪುಸ್ತಕ ತೆರೆದ.

“ಗಿರಿಜಕ್ಕಾರ, ಬ್ಲೇಡ್ ಕೊಡ್ರಿ” ಎಂದ.

ಈಗ ಅಮ್ಮ ನನ್ನ ಜೊತೆಗೇ ಇದ್ದಾಳೆ. ಆ ಚಾಳು ಬಿದ್ದು ಅಲ್ಲೇ ಎದ್ದ ಕಟ್ಟಡದ ಐದನೇ ಮಹಡಿಯ ಫ್ಲ್ಯಾಟಿನಲ್ಲಿ. ಅಪ್ಪ ಇಲ್ಲ. ಕಾಕು ಮಗನ ಜೊತೆ ಠಾಣೆ ನಗರದಲ್ಲಿದ್ದಾರೆ, ಇಬ್ಬರೂ ಫೋನಿನಲ್ಲಿ ಜಗಳವಾಡುತ್ತಾರೆ. ನಾನು ದಿನಾ ಠಾಣೆಯಲ್ಲಿ ಗಾಡಿ ಬದಲಿಸಿ ಘಣಸೋಲಿಗೆ ಹೋಗಿ ನೋಟ್ಸ್ ಬರೆಯುತ್ತೇನೆ. ಆರರಿಂದ ಹತ್ತನೇ ತರಗತಿ, ಎಲ್ಲ ವಿಷಯ. ಕೆಲಸದಲ್ಲಿ ಹೆಚ್ಚು ತಕರಾರು ಮಾಡುವವಳಲ್ಲ ನಾನು. ಚಿಕ್ಕದು ಮಾಡಿ ಎಂದರೆ ಮಾಡುತ್ತೇನೆ, ಬಣ್ಣ ಹಾಕಿ ಎಂದರೆ ಹಾಕುತ್ತೇನೆ. ಕಳೆದ ತಿಂಗಳು ನದಿಗಳ ಪಾಠ ಬಂತು. ಕೊನೆಗೆ ಅದೇ ಸಾಲು: ನಿಮ್ಮ ಭಾಗದ ಎರಡು ನದಿಗಳನ್ನು ಹೆಸರಿಸಿ. ಉತ್ತರದ ಜಾಗದಲ್ಲಿ ಎರಡು ಚುಕ್ಕೆ ಗೆರೆ ಎಳೆದು, ಕೆಳಗೆ “ನೋಡಿ ಬಂದು ಬರೆಯಿರಿ” ಎಂದು ಸೇರಿಸಿ ಕಳಿಸಿದೆ. ವಾಪಸ್ ಬಂತು. ಮತ್ತೆ ಹಾಗೇ ಕಳಿಸಿದೆ. ಮತ್ತೆ ವಾಪಸ್. ಮೂರನೇ ಸಲಕ್ಕೆ ನನ್ನ ಬರಹ ಪರಿಶೀಲಿಸುವ ನೇಹಾ ಶೆಟ್ಟಿ ಮೇಜಿನ ಹತ್ತಿರವೇ ಬಂದಳು. ಇಲ್ಲೇ ಹುಟ್ಟಿದ ಹುಡುಗಿ, ನಾನು ಕನ್ನಡದಲ್ಲಿ ಆಡಿದ್ದು ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

“ಮ್ಯಾಮ್, ಬ್ಲ್ಯಾಂಕ್ ನಹೀ ಛೋಡ್ ಸಕ್ತೇ. ಬಚ್ಚಾ ಆನ್ಸರ್ ಕೇ ಲಿಯೇ ಹೀ ತೋ ಆತಾ ಹೈ.” ಖಾಲಿ ಬಿಡುವ ಹಾಗಿಲ್ಲ, ಮಗು ಬರುವುದೇ ಉತ್ತರಕ್ಕಾಗಿ ಎಂದು.

“ನಿನ್ನ ಮನೆ ಎಲ್ಲಿ ನೇಹಾ?”

“ಕಲ್ಯಾಣ್.”

“ನಲ್ಲಿಯಗೆ ಬರೂ ನೀರ್ ಯಾವ್ ನದಿದ್?”

ಅವಳು ನಕ್ಕಳು. ಗೂಗಲ್ ಮಾಡುತ್ತೇನೆ ಎಂದಳು. ಬೇಡ, ಶಹಾಡಿಗೆ ಹೋಗಿ ಬಾ, ಒಂದೇ ಸ್ಟೇಷನ್ ಎಂದೆ. ಸಂಜೆಯೊಳಗೆ ಉತ್ತರ ತುಂಬದಿದ್ದರೆ ಪಾಠವನ್ನೇ ಬೇರೆಯವರಿಗೆ ಕೊಡುತ್ತಾರಂತೆ, ಮೇಲಿನವರು ಹೇಳಿದ್ದಾರಂತೆ. ಕೊಡಲಿ. ಅದನ್ನು ಹಾಗೇ ಖಾಲಿ ಬಿಟ್ಟು ಕಳಿಸಿ ನಾನು ಗಾಡಿ ಹಿಡಿದೆ.

ಮನೆಗೆ ಬಂದಾಗ ಅಮ್ಮ ಟೇಬಲ್ ಮೇಲೆ ಎರಡು ತಟ್ಟೆ ಇಟ್ಟು ಕಾಯುತ್ತಿದ್ದಳು. ಈ ಒಂದು ತಿಂಗಳ ಜಗ್ಗಾಟ ಅವಳಿಗೆ ಗೊತ್ತು.

“ಎಂತಾಯ್ತ್?”

“ಮತ್ತೆ ವಾಪಸ್ ಬಂತ್. ಪಾಠ ಬೇರೆಯವ್ರಿಗೆ ಕೊಡ್ತ್ರಂಬ್ರ್.”

“ತುಂಬ್ಸಿದ್ಯಾ?”

“ಇಲ್ಲೆ.”

ಅಮ್ಮ ನನ್ನ ತಟ್ಟೆಯನ್ನು ನನ್ನ ಕಡೆ ಸರಿಸಿದಳು.

“ಹಾಂಗಾರೆ ಕೈ ತೊಳ್ಕಂಡ್ ಬಾ” ಎಂದಳು. “ಉಂಬ.”